ಎಂಟು ಕೋಣೆಯಲ್ಲೂ ಅಜ್ಜಿ

ಬೀದರಿನ ಮೈಲೂರು ಬಡಾವಣೆಯ ಕೌಶಿಕ ದಡ್ಡನೆಂದು ಯಾರೂ ಹೇಳುವಂತಿರಲಿಲ್ಲ. ಮೂರು ವರ್ಷದ ಬಿಸಿಎಯನ್ನು ಅವನು ನಾಲ್ಕನೆಯ ವರ್ಷಕ್ಕೆ ಎಳೆದದ್ದು ನಿಜ. ಆದರೆ ಅದಕ್ಕೆ ಅವನು ಕೊಡುತ್ತಿದ್ದ ಕಾರಣಗಳನ್ನು ಕೇಳಿದವರು, ಇಷ್ಟು ಬುದ್ಧಿಯನ್ನು ಈ ಹುಡುಗ ಪರೀಕ್ಷೆಯಲ್ಲಿ ಯಾಕೆ ಬಳಸಲಿಲ್ಲವೋ ಎಂದು ಬೆರಗಾಗುತ್ತಿದ್ದರು. ಕೊನೆಯ ಸೆಮಿಸ್ಟರಿನಲ್ಲಿ ಒಂದು ಪ್ರಾಜೆಕ್ಟ್ ಮಾಡಿ ತೋರಿಸಬೇಕಿತ್ತು. ಜೊತೆಯವರು ದವಾಖಾನೆಗೊಂದು, ಲೈಬ್ರರಿಗೊಂದು, ಹಾಸ್ಟೆಲಿಗೊಂದು ಪ್ರೋಗ್ರಾಂ ಬರೆಯತೊಡಗಿದರು. ಕೌಶಿಕನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅವನು ಆರಿಸಿಕೊಂಡದ್ದು ಒಂದು ಆಟ, ಅದೂ ಚಿತ್ರವೇ ಇಲ್ಲದ ಆಟ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡುತ್ತವೆ: ‘ನೀವು ಪಡಸಾಲೆಯಲ್ಲಿದ್ದೀರಿ. ಉತ್ತರಕ್ಕೆ ನಡುಮನೆ ಇದೆ.’ ಆಡುವವನು ‘ಉತ್ತರ’ ಎಂದು ಬರೆದರೆ ನಡುಮನೆಗೆ ಹೋಗುತ್ತಾನೆ. ಅಲ್ಲಿಂದ ಇನ್ನೊಂದು ಕೋಣೆ, ಅಲ್ಲಿಂದ ಮತ್ತೊಂದು. ಆಟ ಅಂದರೆ ಇಷ್ಟೇ.

ಇಂಥ ಆಟಗಳಲ್ಲಿ ಕೋಟೆ ಇರಬೇಕು, ಸುರಂಗ ಇರಬೇಕು, ನಡುವೆ ಒಬ್ಬ ರಾಕ್ಷಸನಾದರೂ ಇರಬೇಕು ಎಂದು ಕಾಲೇಜಿನ ಸರ್ ಹೇಳಿದ್ದರು. ಬೀದರಿನಲ್ಲಿ ಹುಟ್ಟಿದವನಿಗೆ ಕೋಟೆಗೇನು ಬರ? ಆದರೆ ಕೋಟೆಯ ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆಂದು ಹೋಗಿ ನೋಡಿ ಬರೆದುಕೊಳ್ಳಬೇಕಾಗುತ್ತಿತ್ತು, ಬಿಸಿಲು ಬೇರೆ ಜೋರಾಗಿತ್ತು. ಕೂತಲ್ಲೇ ಗೊತ್ತಿದ್ದದ್ದು ತನ್ನ ಮನೆ. ಹೀಗಾಗಿ ಪಡಸಾಲೆ, ನಡುಮನೆ, ದೇವರ ಕೋಣೆ, ಅಡುಗೆಮನೆ, ಸಾಮಾನಿನ ಕೋಣೆ, ಅಪ್ಪ ಅವ್ವ ಮಲಗುವ ಕೋಣೆ, ಅಜ್ಜಿಯ ಕೋಣೆ, ಹಿತ್ತಲು, ಒಟ್ಟು ಎಂಟನ್ನು ಅವನು ಕಂಪ್ಯೂಟರಿಗೆ ಹಾಕಿದ. ರಾಕ್ಷಸನ ಜಾಗಕ್ಕೆ ಅಜ್ಜಿಯನ್ನು ಹಾಕಿದ. ಅಜ್ಜಿ ತನ್ನಷ್ಟಕ್ಕೆ ತಾನು ಕೋಣೆಯಿಂದ ಕೋಣೆಗೆ ಓಡಾಡುತ್ತಾಳೆ. ಎದುರಾದವನಿಗೆ ‘ಯಾರಪ್ಪಾ ಅದು?’ ಎಂದೋ, ‘ಉಂಡಿಯೇನು?’ ಎಂದೋ, ‘ದೀಪಾ ಆರಸಿ ಹೋಗು’ ಎಂದೋ ಅನ್ನುತ್ತಾಳೆ. ಎಂಬತ್ತನಾಲ್ಕರ ಅನಸೂಯಾಬಾಯಿ ನಿಜವಾಗಿಯೂ ದಿನವಿಡೀ ಗೋಡೆ ಹಿಡಿದು ಓಡಾಡುತ್ತ ಈ ಮೂರು ಮಾತನ್ನೇ ಆಡುತ್ತಿದ್ದಳಾದ್ದರಿಂದ ಕೌಶಿಕನ ಕಲ್ಪನಾಶಕ್ತಿಗೆ ಹೆಚ್ಚು ಶ್ರಮವಾಗಲಿಲ್ಲ.

ಇಲ್ಲಿಯವರೆಗೆ ಯಾರಿಗೂ ಕೇಡಿಲ್ಲ. ಕೇಡು ಶುರುವಾದದ್ದು ತಂದೆ ಮಂದಾರ ಒಂದು ಸಂಜೆ ಊರಾಚೆಯ ಕೊಳಾರದ ಫ್ಯಾಕ್ಟರಿಯಿಂದ ಬಂದು ಬೂಟು ಬಿಚ್ಚುತ್ತ, "ಏನೋ ಅದು, ನಾಕ ತಿಂಗಳಿಂದ ಕುಟ್ಟಲತ್ತಿ?" ಎಂದು ಕೇಳಿದಾಗ. ‘ಅಕ್ಷರದ ಆಟ’ ಎಂದರೆ ಬೀಸಿ ಒಗೆಯಲು ಅಪ್ಪನ ಕೈಯಲ್ಲೇ ಬೂಟು ಇತ್ತು. ಕೌಶಿಕ ಗಂಟಲು ಸರಿಮಾಡಿಕೊಂಡು, "ಎಐ ಅದ ಬಾಬಾ. ಮನ್ಯಾಗ ಯಾರ ಯಾವ ಕೋಣ್ಯಾಗ ಅದಾರ ಅಂತ ತಾನೇ ಹೇಳ್ತದ" ಎಂದ.

"ಹೌದಾ? ಅಜ್ಜಿ ಎಲ್ಲಿ ಅದಾಳ ಕೇಳು ನೋಡೋಣ."

ಪರದೆಯ ಮೇಲಿನ ಅಜ್ಜಿ ಆ ಹೊತ್ತಿಗೆ ಅಡುಗೆಮನೆಯಲ್ಲಿದ್ದಳು. ಮಂದಾರ ಎದ್ದು ಹೋಗಿ ನೋಡಿದ. ದೈವದ ಆಟವೇ ಇರಬೇಕು, ಅನಸೂಯಾಬಾಯಿಯೂ ಅಡುಗೆಮನೆಯಲ್ಲಿ ನಿಂತು ಬೆಲ್ಲದ ಡಬ್ಬಿಗೆ ಕೈ ಹಾಕಿದ್ದಳು. ಮಂದಾರ ಮತ್ತೊಮ್ಮೆ ಪರೀಕ್ಷೆ ಮಾಡಲಿಲ್ಲ. ಮರುದಿನ ಕೊಳಾರದಲ್ಲಿ ಊಟದ ಹೊತ್ತಿಗೆ ಇಡೀ ಫ್ಯಾಕ್ಟರಿಗೆ, ಸಂಜೆ ಇಡೀ ಓಣಿಗೆ, ರಾತ್ರಿ ಫೋನಿನಲ್ಲಿ ಭಾಲ್ಕಿಯ ಅಣ್ಣನಿಗೆ ಸುದ್ದಿ ಮುಟ್ಟಿತು. ಮಗ ಕೊನೆಗೂ ಏನೋ ಮಾಡಿದ್ದಾನೆಂಬ ಆ ಮನುಷ್ಯನ ಸಂತೋಷವನ್ನು ಕಂಡು ಕೌಶಿಕನಿಗೆ ನಿಜ ಹೇಳುವ ಮನಸ್ಸಾಗಲಿಲ್ಲ. ಆಮೇಲೆ ಹೇಳಿದರಾಯಿತು ಎಂದುಕೊಂಡ.

ಹದಿನೈದು ದಿನ ಕಳೆದ ಮೇಲೆ ಒಂದು ಗುರುವಾರ ಮಧ್ಯಾಹ್ನ ಅನಸೂಯಾಬಾಯಿ ತೀರಿಕೊಂಡಳು. ಮಂದಾರ ಕೊಳಾರದಲ್ಲಿದ್ದ, ಕೌಶಿಕ ಕಾಲೇಜಿನ ಎದುರಿನ ಚಹಾದಂಗಡಿಯಲ್ಲಿದ್ದ. ತಾಯಿ ಕೇತಕಿಯ ಫೋನು ಬಂದು ಇಬ್ಬರೂ ಓಡಿ ಬರುವಷ್ಟರಲ್ಲಿ ಅಜ್ಜಿ ನಡುಮನೆಯ ಚಾಪೆಯ ಮೇಲೆ ಒಗೆದ ಸೀರೆಯುಟ್ಟು, ತಲೆ ಬಾಚಿಸಿಕೊಂಡು, ತುಟಿಯ ಮೇಲೆ ತುಳಸಿ ಎಸಳಿಟ್ಟುಕೊಂಡು ಮಲಗಿದ್ದಳು. ನೋಡಲು ಬಂದವರೆಲ್ಲ ಇಂಥ ಸಾವು ಯಾರಿಗೆ ಬರುತ್ತದೆ, ಒಂದು ನರಳಾಟವಿಲ್ಲ, ಒಂದು ಹೊಲಸಿಲ್ಲ ಎಂದು ಹೊಗಳಿ ಹೋದರು. ಕೌಶಿಕನಿಗೆ ಅಜ್ಜಿಯ ಮುಖ ನೋಡಲಾಗಲಿಲ್ಲ. ಅವಳನ್ನು ರಾಕ್ಷಸನ ಜಾಗಕ್ಕೆ ಹಾಕಿದ್ದೆನಲ್ಲ ಎಂಬುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು.

ಸಂಜೆಯ ಬಸ್ಸಿಗೆ ಭಾಲ್ಕಿಯಿಂದ ಗೋವಿಂದರಾವ್ ಬಂದರು. ಮಂದಾರನ ಅಣ್ಣ, ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ನಿವೃತ್ತರಾದದ್ದು ಶಾಲೆಯಿಂದ ಮಾತ್ರ. ತಾಯಿಯ ಪಾದ ಹಿಡಿದು ಮನಸಾರೆ ಅತ್ತರು, ಮುಖ ಒರೆಸಿಕೊಂಡರು, ಆಮೇಲೆ ಚೀಲದಿಂದ ಪಂಚಾಂಗ ತೆಗೆದರು. ಅಂತ್ಯಕ್ರಿಯೆ ಮುಗಿದು ಮೂರನೆಯ ದಿನ, ಬಳಗವೆಲ್ಲ ಪಡಸಾಲೆಯಲ್ಲಿ ಕೂತಿದ್ದಾಗ ತೀರ್ಪು ಹೊರಬಿತ್ತು.

"ಕೆಟ್ಟ ನಕ್ಷತ್ರ, ಪಂಚಕದಾಗ ಹೋಗ್ಯಾಳ ನಮ್ಮವ್ವ. ಜೀವ ಹೋದ ಕೋಣಿ ಐದ ತಿಂಗಳ ಬಂದ್ ಮಾಡಬೇಕು. ಕೀಲಿ ಹಾಕಿ, ಬಾಗಲಕ್ಕ ಮುಳ್ಳ ಬಡೀಬೇಕು. ಇಲ್ಲಾಂದ್ರ ಒಬ್ಬರ ಬೆನ್ನ ಹಿಂದ ಇನ್ನೊಬ್ರು."

ಇನ್ನೊಬ್ಬರು ಎಂದಾಗ ಕೂತವರೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡರು. ವಯಸ್ಸಿನ ಪ್ರಕಾರ ಮುಂದಿನ ಸರದಿ ಗೋವಿಂದರಾವ್ ಅವರದೇ ಆಗಿದ್ದರಿಂದ ಅವರ ದನಿ ತುಸು ನಡುಗುತ್ತಿತ್ತು. ಒಂದು ಕೋಣೆ ತಾನೇ, ಹಾಕಿದರಾಯಿತು ಕೀಲಿ ಎಂದು ಮಂದಾರ ಒಪ್ಪಿದ. ಆದರೆ ಯಾವ ಕೋಣೆ?

"ಮಲಗಿಸಿದ್ದು ನಡುಮನ್ಯಾಗ" ಎಂದ ಮಂದಾರ, "ಆದರ ಡಾಕ್ಟರು, ನಾ ಬರೂಕಿಂತ ಒಂದೂವರಿ ತಾಸ ಮೊದಲೇ ಜೀವ ಹೋಗ್ಯಾದ ಅಂದ್ರು. ತನ್ನ ಕೋಣ್ಯಾಗ, ಮಂಚದ ಮ್ಯಾಲೇ ಹೋಗಿರಬೇಕು."

"ನಮ್ಮವ್ವ ಅಷ್ಟ ದೇವರ ಪೂಜಾ ಮಾಡಿದಾಕಿ, ಹೋದ್ರ ದೇವರ ಕೋಣ್ಯಾಗೇ ಹೋಗ್ತಾಳ" ಎಂದಳು ಖಟಕ ಚಿಂಚೋಳಿಯಿಂದ ಬಂದಿದ್ದ ಅಜ್ಜಿಯ ಮಗಳು ಭಕ್ತಿ. ತಾಯಿಯ ಪುಣ್ಯಕ್ಕೆ ಕುಂದು ಬರುವ ಮಾತನ್ನು ಅವಳು ಕೇಳಲು ತಯಾರಿರಲಿಲ್ಲ.

ಪಕ್ಕದ ಮನೆಯ ಅಕ್ತರಬೀ ಬಾಗಿಲಲ್ಲೇ ನಿಂತು, "ಅವತ್ತ ನನಗ ಅಡಗಿಮನಿ ಬಾಜೂಕ ತಂಬಗಿ ಬಿದ್ದ ಸಪ್ಪಳ ಕೇಳಿತ್ರಿ ಮಾಸ್ತರ್ರ" ಎಂದಳು.

ಗೋವಿಂದರಾವ್ ನಾಲ್ಕೂ ಕೋಣೆಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡರು. ಕೇತಕಿ ಒಳಗಿನಿಂದ ಚಹಾದ ತಟ್ಟೆ ಹಿಡಿದು ಬಂದು, "ಭಾವೋಜಿ, ಅವತ್ತ ಏನಾತಂದ್ರ..." ಎಂದು ಬಾಯಿ ತೆರೆದಳು.

"ನನ್ನ ಕಪ್ಪಿನಾಗ ಸಕ್ಕರಿ ಹಾಕಿಲ್ಲಲ್ಲ?" ಎಂದರು ಗೋವಿಂದರಾವ್, ಕಾಗದದಿಂದ ಕಣ್ಣೆತ್ತದೆ. ಹಾಕಿಲ್ಲವೆಂದು ಹೇಳಿ ಅವಳು ಒಳಗೆ ಹೋದಳು.

ಬಾಯಿಮಾತು ಬೇಡ, ಸರಕಾರದ ಕಾಗದವೇ ಆಗಲಿ ಎಂದು ಗೋವಿಂದರಾವ್ ಮರಣದ ದಾಖಲೆ ಮಾಡಿಸಲು ಮುನ್ಸಿಪಾಲಿಟಿಗೆ ತಾವೇ ಹೋದರು. ಕೌಶಿಕನೂ ಜೊತೆಗಿದ್ದ. ಅಲ್ಲಿನ ಗುಮಾಸ್ತ ಮಚ್ಛೇಂದ್ರ ಶಾಂತ ಸ್ವಭಾವದವನು. ದಿನಕ್ಕೆ ಇಪ್ಪತ್ತು ಸಾವು ಬರೆದುಕೊಳ್ಳುವವನಿಗೆ ಇರಲೇಬೇಕಾದ ಶಾಂತಿ ಅದು.

"ಸತ್ತ ಜಾಗ ಅಂತ ಅದಲ್ಲ, ಅಲ್ಲಿ ಕೋಣಿ ಹೆಸರ ಬರೀರಿ" ಎಂದರು ಗೋವಿಂದರಾವ್.

"ಯಾವ ಕೋಣಿರಿ?"

"ಅದನ್ನ ನೀವು ವಿಚಾರಣಾ ಮಾಡಿ ಬರೀಬೇಕು."

ಮಚ್ಛೇಂದ್ರ ಪೆನ್ನು ಕೆಳಗಿಟ್ಟ. "ಸಾಹೇಬ್ರ, ಇದರಾಗ ಎರಡೇ ಖಾನೆ ಅವರಿ. ಮನಿ, ಇಲ್ಲಾ ದವಾಖಾನಿ."

"ಮನಿ ಅಂದ್ರ ಮುಗೀತೇನು? ಎಂಟ ಕೋಣಿ ಅವ ನಮ್ಮ ಮನ್ಯಾಗ. ಎಲ್ಲಿ ಸತ್ರು ಅಂತ ಸರಕಾರಕ್ಕ ಬ್ಯಾಡೇನು?"

"ಸತ್ರೋ ಇಲ್ಲೋ ಅನ್ನೂದಷ್ಟೇ ಸರಕಾರಕ್ಕ ಬೇಕ್ರಿ. ಷರಾದಾಗ ಬರೀಲೇನು, ಜಾಗಾದ ಬಗ್ಗೆ ಮನ್ಯಾವರಿಗೇ ಸಂಶಯ ಅದ ಅಂತ? ಬರೀತೇನಿ. ಆದರ ಸಂಶಯ ಅಂತ ಬರದ್ರ ಪೊಲೀಸರ ಬರ್ತಾರ, ಪಂಚನಾಮಿ ಆಗ್ತದ, ನಿಮಗೂ ಕರೀತಾರ. ನಡೀತದೇನ್ರಿ?"

ಗೋವಿಂದರಾವ್ ಅವರಿಗೆ ಅದು ನಡೆಯಲಿಲ್ಲ. ‘ಮನಿ’ ಎಂದು ಬರೆದ ಕಾಗದ ಹಿಡಿದು ಹೊರಗೆ ಬಂದರು. ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತ ತಟ್ಟನೆ ನಿಂತು ಕೌಶಿಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಲೇ, ನಿನ್ನ ಎಐ ಏನಂತದ?"

ಅದು ಬರೀ ಆಟ, ಅದಕ್ಕೆ ಏನೂ ಗೊತ್ತಿಲ್ಲ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಸಿಗುವಂತಿರಲಿಲ್ಲ. ಅವನು ಹೇಳಿದ್ದಿಷ್ಟು: "ಅಪ್‌ಡೇಟ್ ಮಾಡಬೇಕು ದೊಡ್ಡಪ್ಪಾ."

ಅಪ್‌ಡೇಟ್ ಎಂದರೆ ಅವನ ಮನಸ್ಸಿನಲ್ಲಿದ್ದದ್ದು ಅಜ್ಜಿಯನ್ನು ತೆಗೆದುಹಾಕುವುದು. ಆ ದಿನವೇ ಸಾಮಾನಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತ. ಪ್ರೋಗ್ರಾಂನಲ್ಲಿ ಅಜ್ಜಿಗೆ ಸೇರಿದ್ದು ಎರಡು ಮುಖ್ಯ ಸಾಲು. ‘ಅಜ್ಜಿ ಈ ಕೋಣೆಯಲ್ಲಿದ್ದರೆ ಮಾತ್ರ’ ಎನ್ನುವ ಷರತ್ತು ಒಂದು; ಅವಳ ಮಾತುಗಳನ್ನು ತೋರಿಸುವ ಸಾಲು ಇನ್ನೊಂದು. ಷರತ್ತನ್ನು ಅಳಿಸಿದ. ಮಾತನ್ನು ಅಳಿಸಲು ಹೋದಾಗ ‘ಉಂಡಿಯೇನು?’ ಕಣ್ಣಿಗೆ ಬಿತ್ತು. ಬೆರಳು ಏಳಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಮೂಗು ಒರೆಸಿಕೊಂಡು ಎದ್ದುಬಂದ. ದುಃಖದಲ್ಲಿ ಅರ್ಧಕ್ಕೇ ಎದ್ದುಬಂದವನ ಕೆಲಸವನ್ನು ಯಂತ್ರವು ದುಃಖವೆಂದು ತಿಳಿದುಕೊಳ್ಳುವುದಿಲ್ಲ. ಷರತ್ತು ಹೋಗಿತ್ತು, ಮಾತು ಉಳಿದಿತ್ತು. ಇನ್ನು ಅಜ್ಜಿ ಇಂಥ ಕೋಣೆಯಲ್ಲಿ ಮಾತ್ರ ಇರಬೇಕೆಂಬ ನಿಯಮವೇ ಇಲ್ಲ.

ಹತ್ತನೆಯ ದಿನ ಊಟವಾದ ಮೇಲೆ ಇಪ್ಪತ್ತು ಜನ ಬಳಗದವರ ನಡುವೆ ಲ್ಯಾಪ್‌ಟಾಪನ್ನು ಒಂದು ಮಣೆಯ ಮೇಲಿಟ್ಟರು. ಯಾರೋ ಅದಕ್ಕೆ ಅರಿಶಿನ ಕುಂಕುಮ ಹಚ್ಚಲು ಬಂದರು. ಸೂತಕದಲ್ಲಿ ಬೇಡವೆಂದು ಗೋವಿಂದರಾವ್ ತಡೆದರು. ಕೌಶಿಕ ಆಟ ತೆರೆದ. ಎಷ್ಟೋ ಸಲ ಆಡಿದ ಆಟ. ಷರತ್ತು ಅಳಿಸಿದ ಮೇಲೆ ಅಜ್ಜಿ ಎಲ್ಲೂ ಕಾಣುವುದಿಲ್ಲ, ಎಐಗೂ ತಿಳಿಯಲಿಲ್ಲ ಎಂದು ಹೇಳಿ ಪಾರಾಗಬಹುದೆಂದು ಅವನ ಲೆಕ್ಕ. ಪರದೆಯ ಮೇಲಿನದನ್ನು ಗೋವಿಂದರಾವ್ ಪಾಠ ಓದುವ ಧಾಟಿಯಲ್ಲಿ ಗಟ್ಟಿಯಾಗಿ ಓದಿದರು.

"‘ನೀವು ಪಡಸಾಲೆಯಲ್ಲಿದ್ದೀರಿ. ಅಜ್ಜಿ ಇಲ್ಲಿದ್ದಾಳೆ. ಅಜ್ಜಿ ಹೇಳುತ್ತಾಳೆ: ಯಾರಪ್ಪಾ ಅದು?’"

ಪಡಸಾಲೆಯಲ್ಲಿ ಕೂತಿದ್ದ ಇಪ್ಪತ್ತೂ ಜನ ತಟಕ್ಕನೆ ಕಾಲು ಮಡಚಿಕೊಂಡರು. ಗೋವಿಂದರಾವ್ ಹಣೆ ಒರೆಸಿಕೊಂಡು, "ಮುಂದ ನಡಿ" ಎಂದರು. ನಡುಮನೆಯಲ್ಲಿ ಅಜ್ಜಿ ಇದ್ದಳು, ಉಂಡಿಯೇನು ಎಂದಳು. ಆಗಷ್ಟೇ ಅನ್ನ ಸಾರು ಉಂಡು ಕೂತಿದ್ದ ಒಬ್ಬ ಸಂಬಂಧಿಕರು "ಉಂಡೀನ್ರಿ ಆಯಿ" ಎಂದು ಕೈ ಮುಗಿದರು. ಸಾಮಾನಿನ ಕೋಣೆಯಲ್ಲಿ ಅಜ್ಜಿ. ಮಂದಾರ ಮಲಗುವ ಕೋಣೆಯಲ್ಲಿ ಅಜ್ಜಿ. ಮಂದಾರ ಹೆಂಡತಿಯ ಮುಖ ನೋಡಿದ. ದೇವರ ಕೋಣೆಗೆ ಹೋದಾಗ ಬಂದ ಸಾಲನ್ನು ಓದುವುದಕ್ಕೆ ಗೋವಿಂದರಾವ್ ಎರಡು ಸಲ ಪ್ರಯತ್ನ ಪಡಬೇಕಾಯಿತು.

"‘ಅಜ್ಜಿ ಹೇಳುತ್ತಾಳೆ: ದೀಪಾ ಆರಸಿ ಹೋಗು.’"

ತೀರಿಹೋದವಳ ಹೆಸರಿನಲ್ಲಿ ಹತ್ತು ದಿನದಿಂದ ನಂದದಂತೆ ಕಾಯ್ದಿದ್ದ ದೀಪ ಅದೇ ಕೋಣೆಯಲ್ಲಿತ್ತು. ಭಕ್ತಿ ಕಿಟಾರನೆ ಕಿರುಚಿ ಅತ್ತ ಓಡಿದಳು. ಅವಳ ಸೆರಗಿನ ಗಾಳಿಗೋ ಏನೋ, ಹೋಗಿ ನೋಡುವಷ್ಟರಲ್ಲಿ ದೀಪ ಆರಿತ್ತು.

ಆಮೇಲೆ ಯಾರೂ ಉಳಿದ ಕೋಣೆಗಳನ್ನು ನೋಡಬೇಕೆನ್ನಲಿಲ್ಲ. ಆದರೂ ಗೋವಿಂದರಾವ್ ಅರ್ಧಕ್ಕೆ ಬಿಟ್ಟು ಎದ್ದು ಅಭ್ಯಾಸವಿಲ್ಲದವರು. ಎಂಟೂ ಕೋಣೆ ಮುಗಿಸಿ ಕಾಗದದಲ್ಲಿ ಎಂಟಕ್ಕೂ ಗುರುತು ಹಾಕಿ, ಮನೆ ಪೂರ್ತಿ ಬಂದ್ ಆಗಬೇಕೆಂದು ಸಾರಿದರು. ಕೇತಕಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಏನೋ ಹೇಳುವವಳಂತೆ ಒಂದು ಹೆಜ್ಜೆ ಮುಂದೆ ಬಂದಳು, ಇಪ್ಪತ್ತು ಜನ ಕಂಡರು, ಹಿಂದಕ್ಕೆ ಸರಿದಳು.

ಹದಿಮೂರನೆಯ ದಿನ ಮುಗಿದ ಮರುದಿನವೇ ಮನೆಗೆ ಕೀಲಿ ಬಿತ್ತು. ಬಾಗಿಲಿಗೆ ಜಾಲಿಮುಳ್ಳು ಬಡಿದರು. ಕೀಲಿಕೈ ಅಕ್ತರಬೀಯ ಕೈಗೆ ಹೋಯಿತು. ಐದು ತಿಂಗಳು ತಮ್ಮನ ಸಂಸಾರ ಭಾಲ್ಕಿಯಲ್ಲಿ ತಮ್ಮ ಎರಡು ಕೋಣೆಯ ಮನೆಯಲ್ಲೇ ಇರಲಿ ಎಂದು ಗೋವಿಂದರಾವ್ ದೊಡ್ಡ ಮನಸ್ಸು ಮಾಡಿದರು. ಅವರ ಮನಸ್ಸಿನಷ್ಟು ಅವರ ಮನೆ ದೊಡ್ಡದಿರಲಿಲ್ಲ. ಗಂಡಸರು ಪಡಸಾಲೆಯಲ್ಲಿ ಸಾಲಾಗಿ ಮಲಗಿದರೆ ಕೊನೆಯವನ ಕಾಲು ಹೊಸ್ತಿಲಾಚೆ ಇರುತ್ತಿತ್ತು. ಮಂದಾರ ನಸುಕಿನಲ್ಲೆದ್ದು ಬಸ್ಸು ಹಿಡಿದು ಬೀದರಿಗೆ ಬಂದು, ಅಲ್ಲಿಂದ ಕೊಳಾರ ಮುಟ್ಟುವಷ್ಟರಲ್ಲಿ ತಡವಾಗಿರುತ್ತಿತ್ತು. ಇದೇ ರೀತಿ ಐದು ತಿಂಗಳು ನಡೆದರೆ ಮನೆ ಸಿಕ್ಕರೂ ನೌಕರಿ ಇರುವುದಿಲ್ಲ ಎಂದು ಸೂಪರ್‌ವೈಸರ್ ಎರಡನೆಯ ವಾರಕ್ಕೇ ಹೇಳಿದ. ಕೇತಕಿ ಇನ್ನೊಬ್ಬರ ಒಲೆಯ ಮುಂದೆ ಕೂತು ಒಂಬತ್ತು ಜನಕ್ಕೆ ರೊಟ್ಟಿ ಬಡಿಯುತ್ತಿದ್ದಳು, ಯಾವ ಡಬ್ಬಿ ಎಲ್ಲಿದೆ ಎಂದು ಪ್ರತಿಸಲ ಕೇಳಿ ತೆಗೆದುಕೊಳ್ಳುತ್ತಿದ್ದಳು. ಇದೆಲ್ಲ ತನ್ನಿಂದ ಎಂದು ಕೌಶಿಕನಿಗೆ ಗೊತ್ತಿತ್ತು. ಗೊತ್ತಿದ್ದೂ ರೊಟ್ಟಿ ತಿನ್ನುತ್ತಿದ್ದ, ಅದೇ ಅವನಿಗೆ ನಾಚಿಕೆ.

ಸುದ್ದಿ ಭಾಲ್ಕಿಯಲ್ಲೂ ಹಬ್ಬಿತು. ತೀರಿಹೋದವರು ಯಾವ ಕೋಣೆಯಲ್ಲಿದ್ದಾರೆಂದು ತೋರಿಸುವ ಯಂತ್ರ ಹೆಡ್‌ಮಾಸ್ಟರ ಮನೆಯಲ್ಲಿದೆಯಂತೆ ಎಂದು ಜನ ಫೋಟೋ ಹಿಡಿದು ಬರತೊಡಗಿದರು. ಒಬ್ಬಳು ಎರಡು ವರ್ಷದ ಹಿಂದೆ ಹೋದ ಮಾವ ಇನ್ನೂ ಮನೆಯಲ್ಲೇ ಇದ್ದಾನೋ ಹೇಗೆ ಎಂದು ತಿಳಿಯಬಯಸಿದಳು; ಇಲ್ಲವೆಂದಾದರೆ ಅವನ ಕೋಣೆ ಬಾಡಿಗೆಗೆ ಕೊಡುವುದಿತ್ತು. ಇಂಥವರನ್ನೆಲ್ಲ ಕೌಶಿಕ ‘ನೆಟ್ ಇಲ್ಲ’ ಎಂದು ಸಾಗಹಾಕಿದ. ಕರೀಮ ಸಾಬನನ್ನು ಸಾಗಹಾಕಲು ಮಾತ್ರ ಆಗಲಿಲ್ಲ. ಎದುರಿನ ಓಣಿಯ ಮುದುಕ ಟೇಲರ ಅವನು. ಕಟ್ಟೆಯ ಮೇಲೆ ಕೂತು ಮೆಲ್ಲಗೆ ಕೇಳಿದ.

"ನನ್ನ ಬೀಬಿನ್ನೂ ಹುಡುಕಪ್ಪಾ ಅದರಾಗ. ಕಷ್ಟ ಏನಿಲ್ಲ. ನಂದು ಒಂದೇ ಕೋಣಿ ಅದ."

ಕೌಶಿಕ ನೆಟ್ ಇಲ್ಲ ಎನ್ನಲು ಬಾಯಿ ತೆರೆದವನು ಮುದುಕನ ಪಕ್ಕಕ್ಕೆ ಹೋಗಿ ಕೂತ. ಅಂದೇ ಅಕ್ತರಬೀಯ ಮಗ ಬಿಲಾಲನಿಗೆ ಫೋನು ಮಾಡಿದ. ಬಿಲಾಲ ಅವನದೇ ತರಗತಿಯವನು. ಒಂದು ವರ್ಷ ಮೊದಲೇ ಪಾಸಾಗಿದ್ದವನು. ಪ್ರೋಗ್ರಾಂ ಕಳಿಸಿಕೊಂಡು ನೋಡಿ ಐದು ನಿಮಿಷದಲ್ಲಿ ತಿರುಗಿ ಫೋನು ಮಾಡಿದ.

"ಯಪ್ಪಾ, ಷರತ್ತಿನ ಸಾಲ ಅಳಿಸೀಯಲ್ಲೋ! ಅದಿಲ್ಲಾಂದ್ರ ಎಲ್ಲಾ ಕಡೆ ಬರ್ತದ. ಇಷ್ಟಕ್ಕ ನೀವು ಮನಿ ಬಿಟ್ಟ ಹೋಗೀರೇನು? ನಮ್ಮಮ್ಮಿ ದಿನಾ ಆ ಮುಳ್ಳ ನೋಡಿ ಅಳ್ತಾಳ."

"ಈಗೇನ ಮಾಡ್ಲಿ?"

"ನಿಜಾ ಹೇಳು."

ಒಳ್ಳೆಯ ಸಲಹೆಯೇ. ಆದರೆ ಕೌಶಿಕ ಅದರ ಪಕ್ಕದಲ್ಲೇ ಇದ್ದ ಇನ್ನೊಂದು ದಾರಿ ಹಿಡಿದ. ಮಾತಿನ ಸಾಲನ್ನೂ ಅಳಿಸಿ, ಅದರ ಜಾಗದಲ್ಲಿ ಹೊಸದೊಂದು ಸಾಲು ಬರೆದ. ಬರೆದು ದೊಡ್ಡಪ್ಪನ ಬಳಿ ಹೋಗಿ, ಎಐ ಮತ್ತೊಮ್ಮೆ ನೋಡಿದೆ, ಈಗ ಬೇರೆ ಹೇಳುತ್ತಿದೆ ಎಂದ. ಇಷ್ಟು ದೊಡ್ಡ ವಿಷಯವನ್ನು ತಾವೊಬ್ಬರೇ ತೀರ್ಮಾನ ಮಾಡಲಾಗದೆ ಗೋವಿಂದರಾವ್ ಔರಾದದ ಆಚಾರ್ಯರಿಗೆ ಹೇಳಿಕಳಿಸಿದರು. ಸುತ್ತಲ ಊರುಗಳಲ್ಲಿ ಸಾವಿನ ವಿಷಯದಲ್ಲಿ ಅವರ ಮಾತೇ ಕೊನೆ. ಯಂತ್ರ ತೆಗೆದುಕೊಂಡು ಬನ್ನಿ, ಸಂಕಲ್ಪಕ್ಕೆ ಸೊಸೆಯೂ ಬರಲಿ ಎಂದು ಅಪ್ಪಣೆಯಾಯಿತು. ಭಾನುವಾರ ಬೆಳಿಗ್ಗೆ ಗೋವಿಂದರಾವ್, ಮಂದಾರ, ಕೇತಕಿ, ಕೌಶಿಕ ನಾಲ್ವರೂ ಒಂದು ಜೀಪಿನಲ್ಲಿ ಔರಾದಕ್ಕೆ ಹೊರಟರು. ಲ್ಯಾಪ್‌ಟಾಪು ಮಡಿಬಟ್ಟೆಯಲ್ಲಿ ಸುತ್ತಿ ಗೋವಿಂದರಾವ್ ತೊಡೆಯ ಮೇಲಿತ್ತು.

ಆಚಾರ್ಯರು ಅಜ್ಜಿಯಷ್ಟೇ ವಯಸ್ಸಾದವರು. ಕಿವಿ ಚುರುಕು, ಕಣ್ಣು ಮಂದ. ಹೀಗಾಗಿ ಮತ್ತೆ ಓದುವ ಕೆಲಸ ಗೋವಿಂದರಾವ್ ಅವರದೇ ಆಯಿತು.

"‘ನೀವು ಪಡಸಾಲೆಯಲ್ಲಿದ್ದೀರಿ. ಇಲ್ಲಿ ಯಾರೂ ಇಲ್ಲ.’ ‘ನೀವು ನಡುಮನೆಯಲ್ಲಿದ್ದೀರಿ. ಇಲ್ಲಿ ಯಾರೂ ಇಲ್ಲ.’"

ಒಂದೊಂದು ಕೋಣೆಗೂ ಅವರ ದನಿ ಹಗುರಾಗುತ್ತ ಹೋಯಿತು. ಅಡುಗೆಮನೆಯಲ್ಲಿ ಯಾರೂ ಇಲ್ಲ. ದೇವರ ಕೋಣೆಯಲ್ಲಿ ಯಾರೂ ಇಲ್ಲ. ಮಂದಾರ ಬಸ್ಸಿನಲ್ಲಿ ಸೀಟು ಸಿಕ್ಕವನಂತೆ ಉಸಿರು ಬಿಟ್ಟ. ಅಜ್ಜಿಯ ಕೋಣೆಯಲ್ಲಿಯೂ ಯಾರೂ ಇಲ್ಲವೆಂದ ಕೂಡಲೇ ಗೋವಿಂದರಾವ್ ಲ್ಯಾಪ್‌ಟಾಪಿಗೇ ಕೈ ಮುಗಿದರು. ಆಚಾರ್ಯರು ಮಾತ್ರ ತಲೆ ಕೆರೆದುಕೊಂಡರು.

"ಹದಿನೈದ ದಿನದ ಹಿಂದ ಎಂಟೂ ಕಡೆ ಇದ್ದಳಂತಿ. ಇವತ್ತ ಒಂದೂ ಕಡೆ ಇಲ್ಲ. ಎಲ್ಲಿ ಹೋದಳಪ್ಪಾ?" ಅವರು ಮುಖ ಎತ್ತಿ ಕೌಶಿಕ ಕೂತ ದಿಕ್ಕಿಗೆ ನೋಡಿದರು. "ತಮ್ಮಾ, ಯಾರ ಬರದಾರ ಇದನ್ನ?"

ಸುಳ್ಳಿಗೆ ಇನ್ನೊಂದು ಅಪ್‌ಡೇಟ್ ಕೌಶಿಕನ ಬಳಿ ಉಳಿದಿರಲಿಲ್ಲ.

"ನಾನೇರಿ" ಎಂದ. "ಅದು ಎಐ ಅಲ್ಲರಿ, ಆಟ. ಅಜ್ಜಿ ಆಡಿದ್ದೆಲ್ಲಾ ನಾ ಬರದದ್ದು. ಆಕಿನ್ನ ಅಳಸಲಿಕ್ಕ ಹೋಗಿ ಅರ್ಧಾ ಅಳಸಿದ್ದೆ, ಅದಕ್ಕ ಎಲ್ಲಾ ಕಡೆ ಬಂದಳು. ಈಗ ಪೂರ್ತಿ ಅಳಸೀನಿ. ಅದಕ್ಕೇನೂ ಗೊತ್ತಿಲ್ಲ. ಯಾವತ್ತೂ ಗೊತ್ತಿದ್ದಿಲ್ಲ."

ಮಂದಾರ ಹೊಡೆಯಲು ಎದ್ದ. ಎದ್ದವನು ಕೈ ಎತ್ತದೆ ಹಾಗೇ ಕೂತುಬಿಟ್ಟ. "ಕೊಳಾರದಾಗ ಎಲ್ಲಾರಿಗೂ ಹೇಳೀನಲ್ಲೋ" ಎಂದ. ಮಗನ ಮೇಲಿನ ಸಿಟ್ಟಿಗಿಂತ, ಹೇಳಿಕೊಳ್ಳಲು ಇದ್ದ ಒಂದೇ ಒಂದು ಮಾತು ಹೋಯಿತಲ್ಲ ಎಂಬ ಸಂಕಟ ಆ ದನಿಯಲ್ಲಿತ್ತು. ಕೌಶಿಕನಿಗೆ ಪೆಟ್ಟು ಬಿದ್ದಿದ್ದರೆ ಹಗುರಾಗುತ್ತಿತ್ತು.

ಗೋವಿಂದರಾವ್ ಮಾತ್ರ ಹೆಡ್‌ಮಾಸ್ಟರು. ಎಷ್ಟೇ ಗದ್ದಲವಾದರೂ ಪ್ರಶ್ನೆ ಪತ್ರಿಕೆ ಕೈಬಿಡುವವರಲ್ಲ. "ಹಂಗಾದ್ರ ಎಲ್ಲಿ ಹೋದಳು ಅಂತ ಯಾರಿಗೂ ಗೊತ್ತಿಲ್ಲ ಅಂದಂಗಾತು. ಗೊತ್ತಿಲ್ಲಾಂದ್ರ ಪೂರ್ತಿ ಮನೀನೇ ಬಂದ್. ಐದೂ ತಿಂಗಳ. ನೌಕರಿ ಹೋದ್ರ ಹೋಗ್ಲಿ, ಜೀವ ಉಳದ್ರ ಸಾಕು."

"ಬಚ್ಚಲದಾಗ ಹೋದ್ರು" ಎಂದಳು ಕೇತಕಿ.

ಅವಳು ಗೋಡೆಯ ಬದಿಗೆ, ಎಲ್ಲರಿಗಿಂತ ಹಿಂದೆ ಕೂತಿದ್ದಳು. ದನಿ ಏರಿಸಲಿಲ್ಲ. ಮೂವರು ಗಂಡಸರೂ ತಿರುಗಿ ನೋಡಿದರು.

"ಮುಂಜಾನಿಂದ ಹೊಟ್ಟಿ ಕೆಟ್ಟಿತ್ತು ಅವರದು. ಎರಡ ಸಲ ಹಾಸಿಗಿ ಬದಲಿ ಮಾಡ್ದೆ. ಮೂರನೇ ಸಲ ಬಚ್ಚಲಕ್ಕ ಕರಕೊಂಡ ಹೋಗಿ ಕೂಡಿಸಿ ತೊಳೀಲತ್ತಿದ್ದೆ. ನೀರ ಥಂಡಿ ಆಗ್ಯಾವ ಅಂದ್ರು. ಬಿಸಿನೀರ ಬೆರಸಿ ಇನ್ನೊಂದ ತಂಬಗಿ ಹಾಕೂದ್ರಾಗ ಕುತ್ತಿಗಿ ನನ್ನ ಭುಜದ ಮ್ಯಾಲ ಬಿತ್ತು. ತಂಬಗಿ ಕೈಯಿಂದ ಜಾರಿತು. ಹಂಗೇ ಬಿಟ್ಟ ನಿಮಗೆಲ್ಲಾ ಫೋನ ಮಾಡ್ಲೇನು? ಒಬ್ಬಾಕಿನೇ ಎತ್ತಿ ತಂದೆ. ಒರಸಿದೆ, ಒಗದ ಸೀರಿ ಉಡಿಸಿದೆ, ತಲಿ ಬಾಚಿದೆ. ನಡುಮನ್ಯಾಗ ಮಲಗಿಸಿ, ಬಚ್ಚಲ ತೊಳದು, ಆಮ್ಯಾಲ ಫೋನ ಮಾಡ್ದೆ. ಅವರು ಆ ಅವಸ್ಥಾದಾಗ ಮಂದಿ ಕಣ್ಣಿಗಿ ಬೀಳಬಾರದಿತ್ತು."

ಕೌಶಿಕ ಬಟ್ಟೆಯ ಮೇಲೆ ತೆರೆದಿದ್ದ ಲ್ಯಾಪ್‌ಟಾಪನ್ನು ನೋಡಿದ. ಅವನು ಬರೆದ ಎಂಟರಲ್ಲಿ ಬಚ್ಚಲು ಇರಲಿಲ್ಲ. ಆಟಕ್ಕೆ ಅದು ಬೇಕಾದೀತೆಂದು ಅವನಿಗೆ ಅನ್ನಿಸಿಯೇ ಇರಲಿಲ್ಲ.

"ಅವತ್ತೇ ಯಾಕ ಹೇಳಲಿಲ್ಲವಾ?" ಎಂದರು ಗೋವಿಂದರಾವ್.

"ಇಪ್ಪತ್ತ ಮಂದಿ ಮುಂದ ಹೇಳೂ ಮಾತ ಅಲ್ಲ ಭಾವೋಜಿ ಅದು. ನೀವ ಕರದ ಕೇಳಿದ್ರ ಹೇಳ್ತಿದ್ದೆ." ಕೇತಕಿ ಸೆರಗು ಸರಿಮಾಡಿಕೊಂಡಳು. "ಡಾಕ್ಟರಿಗಿ ಕೇಳಿದ್ರಿ. ಅಕ್ತರಬೀಗಿ ಕೇಳಿದ್ರಿ. ಮುನ್ಸಿಪಾಲ್ಟ್ಯಾಗ ಕೇಳಿದ್ರಿ. ಈ ಡಬ್ಬಿಗಿ ಎರಡ ಸಲ ಕೇಳಿದ್ರಿ. ಅವತ್ತ ಮನ್ಯಾಗ ಇದ್ದಾಕಿ ನಾ ಒಬ್ಬಾಕೇ."

ಆಚಾರ್ಯರು ತಡವರಿಸಿ ಪಂಚಾಂಗ ಮುಚ್ಚಿ ಬದಿಗಿಟ್ಟರು.

"ಬಚ್ಚಲ ಬಂದ್ ಮಾಡ್ರಿ ಅಂತ ಶಾಸ್ತ್ರದಾಗ ನಾ ಎಲ್ಲೂ ಓದಿಲ್ಲಪ್ಪಾ. ಜೀವ ಹೋಗೂ ಹೊತ್ತಿಗಿ ಸೊಸಿ ಕೈಲಿ ನೀರ ಹಾಕಿಸಿಕೊಂಡ ಹೋಗ್ಯಾಳ. ಅದರ ಮ್ಯಾಲ ನಾ ಇನ್ನೇನ ಶಾಂತಿ ಮಾಡ್ಲಿ? ಮನಿಗಿ ಹೋಗ್ರಿ."

ಜೀಪು ಭಾಲ್ಕಿಗೆ ತಿರುಗದೆ ನೇರ ಬೀದರಿನ ದಾರಿ ಹಿಡಿಯಿತು. ಗೋವಿಂದರಾವ್ ಅಭ್ಯಾಸಬಲದಿಂದ ಅಪ್ಪಣೆ ಕೊಡತೊಡಗಿದರು. ಮುಳ್ಳು ಯಾರು ತೆಗೆಯಬೇಕು, ಹೊಸ್ತಿಲು ಯಾರು ತೊಳೆಯಬೇಕು, ಮನೆ ಹೊಕ್ಕ ಮೇಲೆ ಮೊದಲ ಜಳಕ ಹಿರಿಯ ಮಗನದೇ ಆಗಬೇಕು. ಮೈಲೂರು ಮುಟ್ಟುವಾಗ ಬಿಸಿಲು ಇಳಿದಿತ್ತು. ಅಕ್ತರಬೀ ಕೀಲಿಕೈ ತಂದು ಕೇತಕಿಯ ಕೈಗೇ ಕೊಟ್ಟಳು. ಮಂದಾರ ಮತ್ತು ಬಿಲಾಲ ಮುಳ್ಳು ಕಿತ್ತರು.

ಬಾಗಿಲು ತೆರೆದದ್ದೇ ತಡ, ಕೇತಕಿ ಪಡಸಾಲೆ, ನಡುಮನೆ ದಾಟಿ ನೇರ ಹಿತ್ತಲಿಗೆ ಹೋದಳು. ಬಚ್ಚಲ ಬಾಗಿಲು ಹಾಕಿಕೊಂಡ ಸಪ್ಪಳ ಕೇಳಿತು. ಒಂದು ತಂಬಿಗೆ ನೀರು ಬಿತ್ತು, ಇನ್ನೊಂದು ಬಿತ್ತು. ಆಮೇಲೆ ನೀರು ಬೀಳುವುದು ನಿಂತು, ಮನೆಯವರು ಯಾರೂ ಹಿಂದೆಂದೂ ಕೇಳದ ಒಂದು ದೊಡ್ಡ ಅಳು ಒಳಗಿನಿಂದ ಬಂತು.

ಹೆಗಲ ಮೇಲೆ ಟಾವೆಲು, ಕೈಯಲ್ಲಿ ಸಾಬೂನು ಹಿಡಿದು ಬಂದಿದ್ದ ಗೋವಿಂದರಾವ್ ಹಿತ್ತಲಲ್ಲೇ ನಿಂತರು. ಮುಕ್ಕಾಲು ತಾಸು ಅಲ್ಲೇ ನಿಂತಿದ್ದರು. ಬಾಗಿಲು ಬಡಿಯಲಿಲ್ಲ.